ಹತ್ತು ಗಂಟೆಯ ಚಿಕಿತ್ಸೆ, ಇಪ್ಪತ್ತನಾಲ್ಕು ಗಂಟೆಯ ನಿಯಮ: ಉಪ್ಪಳದ ಒಂದು ವಿಮಾ ಪ್ರಕರಣ

ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಅಲ್ಲಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಸಹೋದ್ಯೋಗಿಯೊಬ್ಬರ ಮನೆಯಲ್ಲಿ 2025ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ನಡೆದ ಸಂಗತಿ ಇದು. ಅದೇ ಸಂಸ್ಥೆಯಲ್ಲಿ ನೌಕರರ ಆರೋಗ್ಯ ವಿಮೆಯ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದಾದ್ದರಿಂದ ಪ್ರಕರಣದ ಪ್ರತಿಯೊಂದು ಬಿಲ್ಲೂ ನನ್ನ ಮೇಜಿನ ಮೇಲೆ ಬಂದು ಹೋಗಿದೆ. ಕುಟುಂಬದವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಈ ಸಹೋದ್ಯೋಗಿಯ ವೇತನ ಎರಡು ವರ್ಷಗಳ ಹಿಂದಿನವರೆಗೂ ತಿಂಗಳಿಗೆ 21,000 ರೂಪಾಯಿಯ ಒಳಗಿತ್ತು. ಆಗ ಅವರು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಯೋಜನೆಯಲ್ಲಿದ್ದರು. 1948ರ ಕಾಯ್ದೆಯಡಿ ಶುರುವಾದ ಆ ಯೋಜನೆಗೆ ಉದ್ಯೋಗಿಯ ವೇತನದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಹೋಗುತ್ತದೆ. ಜ್ವರಕ್ಕೆ ಡಿಸ್ಪೆನ್ಸರಿಗೆ ಹೋಗಿ ಗುಳಿಗೆ ತರುವುದರಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಎಲ್ಲವೂ ಅದರಲ್ಲಿ ಸೇರಿರುತ್ತದೆ. ವೇತನ ಮಿತಿಯನ್ನು ದಾಟಿದ ಮೇಲೆ ಅವರ ಹೆಸರು ಸಂಸ್ಥೆಯ ಗುಂಪು ವಿಮೆಗೆ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಒಟ್ಟಾಗಿ ವರ್ಷಕ್ಕೆ 3 ಲಕ್ಷ ರೂಪಾಯಿಯ ರಕ್ಷಣೆ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ, ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಹೊರರೋಗಿ ಚಿಕಿತ್ಸೆ ಎಂಬ ಭಾಗವೇ ಕೈಬಿಟ್ಟುಹೋಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು. ಕಾರ್ಡನ್ನು ಕೊಟ್ಟು ಸಹಿ ಹಾಕಿಸಿಕೊಂಡೆನೇ ಹೊರತು ಆ ಮಾತನ್ನು ಆಡಲಿಲ್ಲ.

ಆ ರಾತ್ರಿ ಮತ್ತು ಮೊದಲ ಕ್ಲೈಮ್

ಮಾರ್ಚ್ 8ರ ಶನಿವಾರ ರಾತ್ರಿ ಮಲಗಿದ್ದ ಅವರ ಯಜಮಾನರಿಗೆ ನಡುರಾತ್ರಿ ಕಳೆದ ಮೇಲೆ ಬಲಸೊಂಟದ ಮೇಲ್ಭಾಗದಿಂದ ಹೊಟ್ಟೆಯ ಕೆಳಗಿನವರೆಗೆ ತಡೆಯಲಾಗದ ನೋವು ಶುರುವಾಯಿತು. ಪೈವಳಿಕೆ ಕಡೆಯ ಅಡಿಕೆ ತೋಟದಲ್ಲಿ ಇಡೀ ದಿನ ಬಿಸಿಲಿನಲ್ಲಿ ಸ್ಪ್ರಿಂಕ್ಲರ್ ಪೈಪು ಬದಲಾಯಿಸುತ್ತಿದ್ದವರು ನೀರು ಕುಡಿದದ್ದು ಕಡಿಮೆಯಂತೆ. ಪಕ್ಕದ ಮನೆಯವರ ಕಾರಿನಲ್ಲಿ ಕುಂಬಳೆಯ ಕಡೆಯ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋದಾಗ 1 ಗಂಟೆ 40 ನಿಮಿಷ. ನೋವಿಗೆ ಇಂಜೆಕ್ಷನ್ ಕೊಟ್ಟು, ಡ್ರಿಪ್ ಏರಿಸಿ, ಬೆಳಿಗ್ಗೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ, ಹನ್ನೊಂದೂವರೆಗೆ ಮನೆಗೆ ಕಳುಹಿಸಿದರು. ಒಟ್ಟು ಸುಮಾರು ಹತ್ತು ಗಂಟೆ. ಬಿಲ್ಲು 4,860 ರೂಪಾಯಿ.

ಸೋಮವಾರ ಮಂಗಳೂರಿನ ಮೂತ್ರರೋಗ ತಜ್ಞರನ್ನು ಕಂಡರು. ಸಿ.ಟಿ. ಸ್ಕ್ಯಾನಿನಲ್ಲಿ ಕಿಡ್ನಿಯಿಂದ ಇಳಿದು ಮೂತ್ರನಾಳದಲ್ಲಿ ಸಿಕ್ಕಿಕೊಂಡ 8 ಮಿಲಿಮೀಟರಿನ ಕಲ್ಲು ಕಾಣಿಸಿತು. ತಜ್ಞರ ಫೀಸು, ಸ್ಕ್ಯಾನು, ರಕ್ತ ಮತ್ತು ಮೂತ್ರ ಪರೀಕ್ಷೆ ಸೇರಿ 7,540 ರೂಪಾಯಿ. ತಾನಾಗಿ ಇಳಿಯುತ್ತದೆಯೋ ನೋಡೋಣವೆಂದು ಒಂದು ವಾರದ ಗುಳಿಗೆ ಬರೆದುಕೊಟ್ಟರು; ಅದಕ್ಕೆ 1,120 ರೂಪಾಯಿ.

ಬುಧವಾರ ಕೆಲಸಕ್ಕೆ ಬಂದ ಸಹೋದ್ಯೋಗಿ ಕುಂಬಳೆಯ ಬಿಲ್ಲನ್ನು ಮಾತ್ರ ತಾವೇ ಟಿಪಿಎಯ ಮೊಬೈಲ್ ಆ್ಯಪಿನಲ್ಲಿ ಹಾಕಿದ್ದರು. ಟಿಪಿಎ ಎಂದರೆ ವಿಮಾ ಕಂಪನಿಯ ಪರವಾಗಿ ಕ್ಲೈಮ್‌ಗಳನ್ನು ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆ. ಮಾರ್ಚ್ 18ಕ್ಕೆ ಉತ್ತರ ಬಂತು: ಕನಿಷ್ಠ 24 ಗಂಟೆಗಳ ದಾಖಲಾತಿ ಇಲ್ಲ, ಹೊರರೋಗಿ ಚಿಕಿತ್ಸೆಗೆ ಈ ಪಾಲಿಸಿಯಲ್ಲಿ ರಕ್ಷಣೆ ಇಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ.

ಆ ಹೊತ್ತಿಗೆ ಗುಳಿಗೆಯಿಂದ ಕಲ್ಲು ಇಳಿಯಲಿಲ್ಲವೆಂದು ಗೊತ್ತಾಗಿ, 20ರ ಗುರುವಾರಕ್ಕೆ ಲೇಸರ್ ಮೂಲಕ ಅದನ್ನು ಒಡೆದು ತೆಗೆಯುವುದೆಂದು ನಿಗದಿಯಾಗಿತ್ತು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದೆಂದು ತಜ್ಞರು ಹೇಳಿದ್ದರು. ಕೈಯಲ್ಲಿ ತಿರಸ್ಕಾರದ ಪತ್ರ, ಮುಂದೆ ಐವತ್ತೆಂಟು ಸಾವಿರದ ಅಂದಾಜು ಪಟ್ಟಿ. ಸಹೋದ್ಯೋಗಿ ನನ್ನ ಬಳಿ ಬಂದು ಕೇಳಿದ ಪ್ರಶ್ನೆ ಇದು: "ಸರ್, ಹತ್ತು ಗಂಟೆ ಇದ್ದದ್ದಕ್ಕೇ ಕೊಡದವರು ಗುರುವಾರದ್ದಕ್ಕೆ ಕೊಡುತ್ತಾರಾ? ಒಂದು ರಾತ್ರಿ ಅಲ್ಲಿಯೇ ಮಲಗಿಸಿದರೆ ಆಗುತ್ತದೆ ಎಂದು ಭಾವ ಹೇಳುತ್ತಿದ್ದಾರೆ."

ಭಾವನ ಸಲಹೆ ಮತ್ತು ಪಾಲಿಸಿಯ ಮಾತು

ಭಾವನ ಸಲಹೆ ನಮ್ಮ ಊರುಗಳಲ್ಲಿ ಎಲ್ಲ ಕಡೆ ಕೇಳಿಬರುವಂಥದ್ದು. ಒಂದು ದಿನ ದಾಖಲಾದರೆ ವಿಮೆ ಸಿಗುತ್ತದೆ, ಇಲ್ಲವಾದರೆ ಇಲ್ಲ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ವೈದ್ಯರು ಮನೆಗೆ ಹೋಗಿ ಎಂದರೂ ರೋಗಿಯ ಕಡೆಯವರೇ ಹಾಸಿಗೆ ಕೇಳುತ್ತಾರೆ. ಈ ನಂಬಿಕೆ ಎರಡು ಕಡೆಯಿಂದಲೂ ತಪ್ಪು. 24 ಗಂಟೆ ಮಲಗಿದ ಮಾತ್ರಕ್ಕೆ ಹಣ ಸಿಗುವುದಿಲ್ಲ. ಕೇವಲ ತಪಾಸಣೆ ಮತ್ತು ರೋಗಪತ್ತೆಗಾಗಿ ಆದ ದಾಖಲಾತಿಯನ್ನು ಹೊರಗಿಡುವ ಪ್ರಮಾಣಿತ ಷರತ್ತು ಆರೋಗ್ಯ ಪಾಲಿಸಿಗಳಲ್ಲಿ ಇದೆ. ಇನ್ನೊಂದು ಕಡೆ, 24 ಗಂಟೆಯೊಳಗೆ ಮುಗಿದ ಚಿಕಿತ್ಸೆಗಳಲ್ಲಿ ಒಂದು ದೊಡ್ಡ ವರ್ಗಕ್ಕೆ ಪೂರ್ಣ ರಕ್ಷಣೆ ಇದೆ. ಅನಾರೋಗ್ಯಕ್ಕೆ ಬೇಕಿಲ್ಲದ ರಾತ್ರಿಯನ್ನು ವಿಮೆಗಾಗಿ ಮಲಗುವುದು ಸುಳ್ಳು ಕ್ಲೈಮಿನ ಅಂಚಿಗೆ ಬಂದು ನಿಲ್ಲುತ್ತದೆ. ಅದರ ಖರ್ಚು ಗುಂಪಿನ ಎಲ್ಲ ನೌಕರರ ಮುಂದಿನ ವರ್ಷದ ಪ್ರೀಮಿಯಮ್ಮಿಗೆ ಸೇರುತ್ತದೆ. ಬೇಡವೆಂದು ನಾನು ಸ್ಪಷ್ಟವಾಗಿಯೇ ಹೇಳಿದೆ.

ನಂತರ ಇಬ್ಬರೂ ಕುಳಿತು ಪಾಲಿಸಿಯ ವ್ಯಾಖ್ಯಾನಗಳ ಪುಟವನ್ನು ತೆರೆದೆವು. ನೌಕರರ ಕೈಗೆ ಸಾಮಾನ್ಯವಾಗಿ ಕಾರ್ಡು ಸಿಗುತ್ತದೆ, ಪಾಲಿಸಿಯ ಪೂರ್ಣ ಪ್ರತಿ ಕಚೇರಿಯ ಕಪಾಟಿನಲ್ಲಿ ಉಳಿಯುತ್ತದೆ. ಅದರಲ್ಲಿ ಮೂರು ಮಾತುಗಳು ಈ ಪ್ರಕರಣವನ್ನು ಹಿಡಿದಿದ್ದವು.

ಡೇ ಕೇರ್ ಚಿಕಿತ್ಸೆ ಎಂದರೆ, ಸಾಮಾನ್ಯ ಅಥವಾ ಸ್ಥಳೀಯ ಅರಿವಳಿಕೆ ಕೊಟ್ಟು ಆಸ್ಪತ್ರೆಯಲ್ಲಿ ಅಥವಾ ಡೇ ಕೇರ್ ಕೇಂದ್ರದಲ್ಲಿ ಮಾಡುವ, ತಂತ್ರಜ್ಞಾನ ಮುಂದುವರಿದ ಕಾರಣದಿಂದಲೇ 24 ಗಂಟೆಯೊಳಗೆ ಮುಗಿಯುವ, ಇಲ್ಲದಿದ್ದರೆ 24 ಗಂಟೆಗಿಂತ ಹೆಚ್ಚು ದಾಖಲಾತಿ ಬೇಕಾಗುತ್ತಿದ್ದ ಚಿಕಿತ್ಸೆ. ಹೊರರೋಗಿ ನೆಲೆಯಲ್ಲಿ ಮಾಡುವ ರೂಢಿ ಇರುವ ಚಿಕಿತ್ಸೆಗಳು ಇದರಲ್ಲಿ ಸೇರುವುದಿಲ್ಲವೆಂದು ಅದೇ ವ್ಯಾಖ್ಯಾನದ ಕೊನೆಯ ವಾಕ್ಯ ಹೇಳುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಡೇ ಕೇರ್ ಚಿಕಿತ್ಸೆಗೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಡಯಾಲಿಸಿಸ್, ಕೀಮೋಥೆರಪಿಗಳನ್ನು ಹಲವು ಪಾಲಿಸಿಗಳು ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸುತ್ತವೆ. ಕಲ್ಲಿನ ವಿಚಾರಕ್ಕೆ ಬಂದರೆ, ಈ ವ್ಯಾಖ್ಯಾನವನ್ನು ನನಗೆ ಅರ್ಥಮಾಡಿಸಿದ್ದು ನನ್ನ ತಂದೆಯವರ ಸೊಂಟ. ಎಂಬತ್ತರ ದಶಕದಲ್ಲಿ ಇದೇ ಕಾಯಿಲೆಗೆ ಮಂಗಳೂರಿನಲ್ಲಿ ಬದಿಯನ್ನು ಕೊಯ್ದು ಕಲ್ಲು ತೆಗೆದಿದ್ದರು. ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಒಂದು ಗೇಣು ಉದ್ದದ ಕಲೆ, ಅದರ ಎರಡೂ ಬದಿಗೆ ಹೊಲಿಗೆಯ ಚುಕ್ಕಿಗಳು, ಅವರು ಬೈರಾಸು ಸುತ್ತಿ ಸ್ನಾನಕ್ಕೆ ಹೊರಟಾಗಲೆಲ್ಲ ಕಾಣುತ್ತಿತ್ತು. ಈಗ ಕೊಯ್ಯದೆ, ಮೂತ್ರದ ದಾರಿಯಿಂದಲೇ ತೆಳ್ಳಗಿನ ದುರ್ಬೀನು ಕಳುಹಿಸಿ ಲೇಸರಿನಿಂದ ಕಲ್ಲನ್ನು ಪುಡಿಮಾಡುತ್ತಾರೆ. ಹತ್ತು ದಿನ ಒಂದು ದಿನವಾದದ್ದು ರೋಗ ಸಣ್ಣದಾದ್ದರಿಂದ ಅಲ್ಲ, ಉಪಕರಣ ಬದಲಾದ್ದರಿಂದ. ವ್ಯಾಖ್ಯಾನ ಕೇಳುವುದೂ ಇದನ್ನೇ.

ಹೊರರೋಗಿ ಚಿಕಿತ್ಸೆ ಎಂದರೆ, ಒಳರೋಗಿಯಾಗಿಯೂ ಡೇ ಕೇರ್ ರೋಗಿಯಾಗಿಯೂ ದಾಖಲಾಗದೆ ಕ್ಲಿನಿಕ್ಕಿಗೋ ಆಸ್ಪತ್ರೆಗೋ ಹೋಗಿ ವೈದ್ಯರ ಸಲಹೆಯಂತೆ ಪಡೆಯುವ ತಪಾಸಣೆ ಮತ್ತು ಚಿಕಿತ್ಸೆ. ಕುಂಬಳೆಯ ಹತ್ತು ಗಂಟೆ ಈ ವ್ಯಾಖ್ಯಾನಕ್ಕೆ ಸರಿಯಾಗಿ ಹೊಂದುತ್ತದೆ. ಅಲ್ಲಿ ಹಾಸಿಗೆ ಇತ್ತು, ಡ್ರಿಪ್ ಇತ್ತು, ಆದರೆ ದಾಖಲಾತಿ ಸಂಖ್ಯೆ ಇರಲಿಲ್ಲ. ಚೀಟಿಯ ತಲೆಯಲ್ಲಿ ಒಪಿ, ಅಂದರೆ ಹೊರರೋಗಿ ಎಂದೇ ಅಚ್ಚಾಗಿತ್ತು. ಹತ್ತು ಗಂಟೆ ಕ್ಯಾಶುವಾಲ್ಟಿಯಲ್ಲಿ ನರಳಿದವರ ಮನೆಯವರಿಗೆ ಅದನ್ನು ಹೊರರೋಗಿ ಚಿಕಿತ್ಸೆ ಎಂದು ಕರೆಯುವುದು ಕ್ರೂರವಾಗಿ ಕೇಳಿಸುತ್ತದೆ, ಆ ನೋವನ್ನು ನಾನು ಒಪ್ಪುತ್ತೇನೆ. ಆದರೂ ಆ ಬಿಲ್ಲು ಒಂಟಿಯಾಗಿ ಹೋದಾಗ ಟಿಪಿಎ ಕೊಟ್ಟ ಉತ್ತರ ನಿಯಮದಂತೆ ಸರಿಯಾಗಿಯೇ ಇತ್ತು.

ಮೂರನೆಯ ಮಾತು, ದಾಖಲಾತಿಗೆ ಮುಂಚಿನ ಮತ್ತು ನಂತರದ ವೆಚ್ಚ. ನಮ್ಮ ಪಾಲಿಸಿಯಲ್ಲಿ ಮುಂಚಿನ 30 ದಿನ, ನಂತರದ 60 ದಿನ. ಆ ಅವಧಿಯಲ್ಲಿ ಅದೇ ಕಾಯಿಲೆಗಾಗಿ ಮಾಡಿದ ಫೀಸು, ಪರೀಕ್ಷೆ, ಔಷಧಿಯ ವೆಚ್ಚವನ್ನು, ಮುಖ್ಯ ದಾಖಲಾತಿಯ ಕ್ಲೈಮ್ ಅಂಗೀಕಾರವಾಗುವಂಥದ್ದಾದರೆ, ವಿಮಾ ಕಂಪನಿ ಕೊಡಬೇಕು. ಹೊರರೋಗಿ ಬಿಲ್ಲುಗಳೇ ಇಲ್ಲಿ ರೂಪ ಬದಲಿಸಿ ಒಳಗೆ ಬರುತ್ತವೆ. ಕುಂಬಳೆಯ 4,860 ರೂಪಾಯಿ ಮಾರ್ಚ್ 12ರಂದು ಯಾವುದಕ್ಕೂ ಸಂಬಂಧವಿಲ್ಲದ ಹೊರರೋಗಿ ಬಿಲ್ಲಾಗಿತ್ತು. 20ರಂದು ಕಲ್ಲು ತೆಗೆದ ಕ್ಷಣದಿಂದ ಅದು ಹನ್ನೊಂದು ದಿನ ಮುಂಚಿನ, ಅದೇ ಕಾಯಿಲೆಯ ವೆಚ್ಚವಾಯಿತು. ಬಿಲ್ಲಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಅದು ನಿಂತ ಜಾಗ ಮಾತ್ರ ಬದಲಾಯಿತು.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ನೋಡದೆ ಮುಂದೆ ಹೋಗಬಾರದು. ಕೆಲವು ಪಾಲಿಸಿಗಳಲ್ಲಿ ಈ ಮುಂಚಿನ ಮತ್ತು ನಂತರದ ವೆಚ್ಚ ಒಳರೋಗಿ ದಾಖಲಾತಿಗೆ ಮಾತ್ರ ಎಂದು ಬರೆದಿರುತ್ತದೆ. ನಮ್ಮ ಪಾಲಿಸಿಯಲ್ಲಿ "ಒಳರೋಗಿ ದಾಖಲಾತಿ ಅಥವಾ ಡೇ ಕೇರ್ ಚಿಕಿತ್ಸೆ" ಎಂದಿತ್ತು. ಆ "ಅಥವಾ ಡೇ ಕೇರ್" ಇಲ್ಲದೆ ಹೋಗಿದ್ದರೆ ಗುರುವಾರದ ಬಿಲ್ಲು ಸಿಕ್ಕಿ, ಅದರ ಹಿಂದುಮುಂದಿನ ಎಲ್ಲ ಬಿಲ್ಲುಗಳೂ ಕುಟುಂಬದ ಕೈಯಿಂದ ಹೋಗುತ್ತಿದ್ದವು.

ಚಿಕಿತ್ಸೆಯ ದಿನ

ಗುರುವಾರ ನಿರಾಯಾಸವಾಗಿ ಕಳೆಯಿತು. ಆಸ್ಪತ್ರೆ ಟಿಪಿಎಯ ಜಾಲದಲ್ಲಿದ್ದುದರಿಂದ, ಬಿಲ್ಲನ್ನು ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕೊಡುವ ಕ್ಯಾಶ್‌ಲೆಸ್ ಅರ್ಜಿ ಹಿಂದಿನ ದಿನವೇ ಹೋಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ 29ರಂದು ಹೊರಡಿಸಿದ ಸಮಗ್ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ಬೆನ್ನಿಗೆ ಅರಿವಳಿಕೆ ಕೊಟ್ಟು ಕಲ್ಲು ತೆಗೆದು, ಮೂತ್ರನಾಳದಲ್ಲಿ ಸ್ಟೆಂಟ್ ಎಂಬ ತಾತ್ಕಾಲಿಕ ಕೊಳವೆ ಇಟ್ಟು, ಸಂಜೆ ಆರೂವರೆಗೆ ಕಳುಹಿಸಿದರು. ಬಿಲ್ಲು 58,400 ರೂಪಾಯಿ, ಮಂಜೂರಾದದ್ದು 54,150. ಉಳಿದ 4,250 ರೂಪಾಯಿ ಕೈಗವಸು, ನೋಂದಣಿ ಶುಲ್ಕ, ಜೊತೆಗಿದ್ದವರ ಊಟ ಮುಂತಾದ, ಪಾಲಿಸಿ ಕೊಡದ ವಸ್ತುಗಳದ್ದು.

ಸ್ಟೆಂಟನ್ನು ಏಪ್ರಿಲ್ 10ರಂದು ತೆಗೆದರು. ಹದಿನೈದು ನಿಮಿಷದ ಕೆಲಸ, ದಾಖಲಾತಿ ಇಲ್ಲ. 3,900 ರೂಪಾಯಿ, ಔಷಧಿಗೆ 860. ಒಂಟಿಯಾಗಿ ನೋಡಿದರೆ ಇದೂ ಹೊರರೋಗಿ ಚಿಕಿತ್ಸೆಯೇ. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಮೂರು ವಾರಗಳ ನಂತರ ಸ್ಟೆಂಟ್ ತೆಗೆಯಬೇಕು" ಎಂಬ ಸಾಲು ಇತ್ತು. ಆ ಸಾಲು ಇರುವಂತೆ ನೋಡಿಕೊಳ್ಳಿ ಎಂದು ಚಿಕಿತ್ಸೆಯ ಹಿಂದಿನ ದಿನವೇ ಸಹೋದ್ಯೋಗಿಗೆ ಹೇಳಿದ್ದೆ.

ಕಾಗದಗಳನ್ನು ಜೋಡಿಸಿದ್ದು

ನಿಜವಾದ ಕೆಲಸ ಇದ್ದದ್ದು ಇಲ್ಲಿ. ಕಾಸರಗೋಡಿನವರ ಅನಾರೋಗ್ಯ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆ ಶುರುವಾಗಿ ಆಚೆ ಮುಗಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಲ್ಲದೆ ನಮ್ಮ ಬದುಕು ಹೇಗಿರುತ್ತದೆ ಎಂಬುದನ್ನು ಇಲ್ಲಿಯ ಮನೆಮನೆಯೂ ಕಂಡಿದೆ. ಒಂದೇ ಕಾಯಿಲೆಯ ದಾಖಲೆಗಳು ಎರಡು ರಾಜ್ಯಗಳ ಎರಡು ಆಸ್ಪತ್ರೆಗಳಲ್ಲಿ, ಎರಡು ಬಗೆಯ ಕೈಬರಹಗಳಲ್ಲಿ ಹರಡಿರುತ್ತವೆ. ಅವೆರಡೂ ಒಂದೇ ಕಾಯಿಲೆಯವೆಂದು ತೋರಿಸಿಕೊಡಬೇಕಾದ ಹೊಣೆ ಕ್ಲೈಮ್ ಹಾಕುವವರ ಮೇಲೆ ಬೀಳುತ್ತದೆ.

ಕುಂಬಳೆಯ ಒಪಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಮಲಯಾಳದಲ್ಲಿ ಆಸ್ಪತ್ರೆಯ ಮುದ್ರೆ, ಅದರ ಮೇಲೆಯೇ ಡ್ಯೂಟಿ ಡಾಕ್ಟರರ ನೀಲಿ ಪೆನ್ನಿನ ಗೀಟು. ದಿನಾಂಕ ಇತ್ತು, ಬಂದ ಸಮಯ ಇರಲಿಲ್ಲ. ರೋಗ ಎಂಬಲ್ಲಿ ಬರೆದದ್ದು ಎರಡೇ ಪದ, ತೀವ್ರ ಹೊಟ್ಟೆನೋವು. ಕಲ್ಲಿನ ಮಾತೇ ಇಲ್ಲ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯ ವೈದ್ಯರು ಅಷ್ಟೇ ಬರೆಯಬಲ್ಲರು. ರೋಗಪತ್ತೆ ಆಗಿಯೇ ಇರಲಿಲ್ಲ. ಆದರೆ "ಅದೇ ಕಾಯಿಲೆ" ಎಂಬ ಷರತ್ತಿನ ಎದುರು ಹೊಟ್ಟೆನೋವು ಮತ್ತು ಮೂತ್ರನಾಳದ ಕಲ್ಲು ಎರಡು ಬೇರೆ ಕಾಯಿಲೆಗಳಾಗಿ ಕಾಣುತ್ತವೆ.

ಸೇತುವೆಯಾಗಿ ಒದಗಿದ್ದು ಅದೇ ಬೆಳಿಗ್ಗೆ ಮಾಡಿದ್ದ ಅಲ್ಟ್ರಾಸೌಂಡ್ ವರದಿ. ಅದರ ಕೊನೆಯ ಸಾಲಿನಲ್ಲಿ ಬಲ ಕಿಡ್ನಿ ಸ್ವಲ್ಪ ಊದಿಕೊಂಡಿದೆ, ಮೂತ್ರನಾಳದಲ್ಲಿ ಅಡಚಣೆಯ ಶಂಕೆ ಇದೆ ಎಂದಿತ್ತು. ಬಿಲ್ಲಿನ ಜೊತೆ ಈ ವರದಿಯನ್ನು ಮೊದಲ ಸಲ ಲಗತ್ತಿಸಿರಲಿಲ್ಲ. ಮಂಗಳೂರಿನ ತಜ್ಞರು ತಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು: ಮಾರ್ಚ್ 9ರ ನೋವು 20ರಂದು ತೆಗೆದ ಅದೇ ಕಲ್ಲಿನಿಂದ ಬಂದದ್ದು. ಕುಂಬಳೆಯ ಆಸ್ಪತ್ರೆಯವರೂ ರಿಜಿಸ್ಟರ್ ನೋಡಿ ಬಂದ ಮತ್ತು ಹೋದ ಸಮಯವನ್ನು ಬರೆದು ಇಂಗ್ಲಿಷ್ ಮುದ್ರೆ ಹಾಕಿಕೊಟ್ಟರು.

ಇಷ್ಟೆಲ್ಲ ಕಳುಹಿಸಿದ ಮೇಲೂ ಮೊದಲು ಬಂದ ಉತ್ತರ, ಈ ಬಿಲ್ಲನ್ನು ಈಗಾಗಲೇ ತಿರಸ್ಕರಿಸಲಾಗಿದೆ ಎಂಬುದು. ಕಂಪ್ಯೂಟರಿನಲ್ಲಿ ಆ ಬಿಲ್ಲಿನ ಸಂಖ್ಯೆಗೆ ಹಳೆಯ ನಿರ್ಧಾರ ಅಂಟಿಕೊಂಡಿತ್ತು. ಮೊದಲ ದಿನ ಅವಸರದಿಂದ ಒಂಟಿಯಾಗಿ ಹಾಕಿದ್ದರ ಫಲ ಅದು. ಆಗ ನಾವು ಟಿಪಿಎಯನ್ನು ಬಿಟ್ಟು ವಿಮಾ ಕಂಪನಿಯ ದೂರು ವಿಭಾಗಕ್ಕೇ ಪತ್ರ ಬರೆದೆವು. ಮುಖ್ಯ ಕ್ಲೈಮಿನ ಸಂಖ್ಯೆ, ಪಾಲಿಸಿಯ ಷರತ್ತಿನ ಕ್ರಮಾಂಕ, ತಜ್ಞರ ಪತ್ರ, ಇಷ್ಟನ್ನೇ ಒಂದು ಪುಟದಲ್ಲಿ ಹೇಳಿದೆವು. ಮೇಲೆ ಹೇಳಿದ ಸುತ್ತೋಲೆಯಂತೆ ಕ್ಲೈಮನ್ನು ಪೂರ್ತಿಯಾಗಲಿ ಭಾಗಶಃವಾಗಲಿ ನಿರಾಕರಿಸುವಾಗ ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂದು ತಿಳಿಸಬೇಕು. ಮುಂಚಿನ ವೆಚ್ಚವಾಗಿ ಇದನ್ನು ಯಾವ ಷರತ್ತಿನಡಿ ನಿರಾಕರಿಸುತ್ತೀರಿ ಎಂದು ಕೇಳಿದೆವು. ಅದಕ್ಕೂ ಫಲ ಸಿಗದಿದ್ದರೆ ಮುಂದಿನ ಮೆಟ್ಟಿಲು, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್. ಅಲ್ಲಿಗೆ ದೂರು ಕೊಡಲು ಶುಲ್ಕವಿಲ್ಲ, ಗುಂಪು ವಿಮೆಯ ಸದಸ್ಯರೂ ಕೊಡಬಹುದು. ದೂರುದಾರರ ಮನೆಯ ವಿಳಾಸ ಅಥವಾ ವಿಮಾ ಕಂಪನಿಯ ಕಚೇರಿ ಇರುವ ಜಾಗ ನೋಡಿ ವ್ಯಾಪ್ತಿ ನಿರ್ಧಾರವಾಗುವುದರಿಂದ ಉಪ್ಪಳದ ನಿವಾಸಿಗೆ ಕೊಚ್ಚಿಯ ಕಚೇರಿಯೂ, ಪಾಲಿಸಿ ಕೊಟ್ಟ ಶಾಖೆ ಮಂಗಳೂರಿನಲ್ಲಿದ್ದ ಕಾರಣ ಬೆಂಗಳೂರಿನದೂ ತೆರೆದಿತ್ತು. ಹೋಗಬೇಕಾಗಿ ಬರಲಿಲ್ಲ.

ಮೇ ಮೊದಲ ವಾರದಲ್ಲಿ ಹಣ ಜಮೆಯಾಯಿತು. ಮುಂಚಿನ ವೆಚ್ಚ 13,520, ನಂತರದ್ದು 4,760, ಒಟ್ಟು 18,280 ರೂಪಾಯಿಯಲ್ಲಿ 17,840 ಬಂತು. ಕಡಿತವಾದ 440ರಲ್ಲಿ 100 ರೂಪಾಯಿ ನೋಂದಣಿ ಕಾರ್ಡಿನದ್ದು. ಉಳಿದ 340 ರೂಪಾಯಿ, ಗುಳಿಗೆ ಮುಗಿದಾಗ ಚೀಟಿಯಿಲ್ಲದೆ ಉಪ್ಪಳದ ಮೆಡಿಕಲ್ಲಿನಿಂದ ತಂದದ್ದರದ್ದು. ವೈದ್ಯರ ಬರಹವಿಲ್ಲದ ಔಷಧಿಗೆ ಕೊಡುವುದಿಲ್ಲವೆಂಬುದು ನ್ಯಾಯವೇ. ಒಟ್ಟು 76,680 ರೂಪಾಯಿಯ ಖರ್ಚಿನಲ್ಲಿ ಕುಟುಂಬಕ್ಕೆ ಬಿದ್ದದ್ದು 4,690.

ನವೀಕರಣದ ಹೊತ್ತಿನಲ್ಲಿ

ಹೊರರೋಗಿ ರಕ್ಷಣೆಯನ್ನೇ ಸೇರಿಸಿದರೆ ಇಷ್ಟು ಓಡಾಟ ಏಕೆ ಎಂದು ಸಹೋದ್ಯೋಗಿಗಳು ಕೇಳಿದರು. ಅದು ಹೆಚ್ಚುವರಿ ಪ್ರೀಮಿಯಮ್ಮಿಗೆ ಸಿಗುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಕೆಲವು ಸಾವಿರ ರೂಪಾಯಿಯ ಉಪಮಿತಿಯೊಡನೆ. ಆಸ್ಪತ್ರೆಯ ದಾಖಲಾತಿ ಕೆಲವರಿಗೆ ಮಾತ್ರ ಬರುವ ಕಷ್ಟ. ಜ್ವರ, ಕೆಮ್ಮು, ರಕ್ತಪರೀಕ್ಷೆ ಪ್ರತಿ ಮನೆಗೂ ಪ್ರತಿ ವರ್ಷವೂ ಬರುವ ಖರ್ಚು. ಎಲ್ಲರಿಗೂ ಖಂಡಿತವಾಗಿ ಬರುವ ಖರ್ಚಿಗೆ ವಿಮೆ ಮಾಡಿದರೆ ಆ ಖರ್ಚೇ ಪ್ರೀಮಿಯಮ್ ಆಗಿ, ನಿರ್ವಹಣೆಯ ವೆಚ್ಚವೂ ಸೇರಿ ತಿರುಗಿ ಬರುತ್ತದೆ. ಕೇರಳ ಸರಕಾರ ತನ್ನ ನೌಕರರು ಮತ್ತು ಪಿಂಚಣಿದಾರರಿಗಾಗಿ 2022ರ ಜುಲೈ 1ರಂದು ತಿಂಗಳಿಗೆ 500 ರೂಪಾಯಿ ಕಡಿತದೊಡನೆ ಆರಂಭಿಸಿದ ಮೆಡಿಸೆಪ್ ಯೋಜನೆಯೂ ಹೊರರೋಗಿ ಚಿಕಿತ್ಸೆಯನ್ನು ಹೊರಗಿಟ್ಟೇ ಶುರುವಾಯಿತು. ನಮ್ಮ ಊರಿನ ಅನುದಾನಿತ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಇದು ಚೆನ್ನಾಗಿ ಗೊತ್ತಿದೆ. ಆದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ತಿಂಗಳು ತಿಂಗಳು ಗುಳಿಗೆ ನುಂಗುವ ಹಿರಿಯ ನೌಕರರಿಗಾದರೂ ಸಣ್ಣ ಮೊತ್ತದ ರಕ್ಷಣೆ ಬೇಕೆಂಬುದು ನನ್ನ ಅಭಿಪ್ರಾಯ, ಅದನ್ನು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ.

ಮೇ ಮೂರನೆಯ ವಾರ ನವೀಕರಣದ ಕರಡು ಬಂತು. ಪ್ರೀಮಿಯಮ್ಮಿನ ಅಂಕಿ ಹಿಂದಿನ ವರ್ಷದಷ್ಟೇ ಇತ್ತು, ಎಲ್ಲರಿಗೂ ಸಮಾಧಾನವಾಗಿತ್ತು. ವ್ಯಾಖ್ಯಾನಗಳ ಪುಟವನ್ನು ಹಳೆಯ ಪಾಲಿಸಿಯ ಪಕ್ಕ ಇಟ್ಟು ಸಹೋದ್ಯೋಗಿ ಮತ್ತು ನಾನು ಸಾಲು ಸಾಲಾಗಿ ಓದಿದೆವು. ಮುಂಚಿನ ಮತ್ತು ನಂತರದ ವೆಚ್ಚದ ಷರತ್ತಿಗೆ ಬಂದಾಗ ಅವರ ಬೆರಳು ನಿಂತಿತು: "ಸರ್, ಇದರಲ್ಲಿ ಡೇ ಕೇರ್ ಇಲ್ಲ." ಒಳರೋಗಿ ದಾಖಲಾತಿ ಎಂದಷ್ಟೇ ಇತ್ತು. ಕರಡನ್ನು ಅಂದೇ ಹಿಂದಕ್ಕೆ ಕಳುಹಿಸಿದೆವು. ನಾಲ್ಕು ದಿನಗಳ ನಂತರ ಆ ಎರಡು ಪದಗಳು ಮರಳಿ ಸೇರಿದ ಪ್ರತಿ ಬಂದ ಮೇಲೆಯೇ ಚೆಕ್ಕಿಗೆ ಸಹಿಯಾಯಿತು.